ದೂರವಾಣಿಯಲ್ಲಿ ನೌಕರಿಯ ಸಂದರ್ಶನ

ನೊಣವಿನಕೆರೆಯ ಸುತ್ತಿನ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಉಂಡೆ ಕೊಬ್ಬರಿಯಾಗಲೆಂದು ಹತ್ತು ಹನ್ನೊಂದು ತಿಂಗಳು ಕಾಯುವುದು ರೂಢಿ. ಹಿರಿಯರು ಕಾಯನ್ನು ಒಡೆಯದೆ, ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಒಳಗಿನ ಸ್ಥಿತಿಯನ್ನು ಸದ್ದಿನಿಂದಲೇ ಹೇಳಿಬಿಡುತ್ತಾರೆ. ದೂರವಾಣಿಯಲ್ಲಿ ನಡೆಯುವ ಸಂದರ್ಶನವೂ ಇಂಥದೇ ಪರೀಕ್ಷೆ. ಅಭ್ಯರ್ಥಿಯ ಮುಖವಾಗಲಿ, ಉಡುಗೆಯಾಗಲಿ, ವಿನಯವಾಗಲಿ ಅಲ್ಲಿ ಕಾಣಿಸದು, ಧ್ವನಿಯೊಂದೇ ಸಾಕ್ಷಿ.

ನಮ್ಮ ನಾಡಿನ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಆರಂಭವಾದ ಕಾಲಕ್ಕೆ, ಹಳ್ಳಿಗೆ ಫೋನು ಬಂದರೆ ಸಾವಿನದೋ ಹೆರಿಗೆಯದೋ ಸುದ್ದಿಯಿರಬೇಕೆಂದು ಎದೆ ಡವಗುಟ್ಟುತ್ತಿತ್ತು. ಈಗ ನೌಕರಿಯೇ ಫೋನಿನಲ್ಲಿ ಬರುತ್ತದೆ. 2020ರ ಕೊರೋನಾ ದಿಗ್ಬಂಧನದ ತರುವಾಯವಂತೂ ಅನೇಕ ಖಾಸಗಿ ಸಂಸ್ಥೆಗಳು ಮೊದಲ ಸುತ್ತಿನ ಮಾತುಕತೆಯನ್ನು ಹೀಗೆಯೇ ಮುಗಿಸುತ್ತವೆ.

ನಮಗೆ ಪರಿಚಿತವಾದ ಮನೆಯೊಂದರ ಹೆಣ್ಣುಮಗಳು ಬಿ.ಕಾಂ. ಮುಗಿಸಿ ಬೆಂಗಳೂರಿನ ಕೆಲಸವೊಂದಕ್ಕೆ ಅರ್ಜಿ ಹಾಕಿದ್ದಳು. ತೋಟದ ಇಳುವರಿ ಕುಗ್ಗಿತ್ತು, ತಮ್ಮನ ಓದು ಬಾಕಿಯಿತ್ತು. ಇಡೀ ಮನೆಯ ಕಣ್ಣು ಆ ನೌಕರಿಯ ಮೇಲಿತ್ತು. ಕರೆ ಬಂದಾಗ ಆಕೆ ತಿಪಟೂರಿನಿಂದ ಊರಿಗೆ ಬರುವ ಬಸ್ಸಿನಲ್ಲಿದ್ದಳು. ಕೇಳಿದ್ದು ಅರ್ಧ, ಹೇಳಿದ್ದು ಅರ್ಧ. ಮನೆ ಮುಟ್ಟಿದ ಮೇಲೆ ಮತ್ತೆ ಗಂಟೆ ಬಾರಿಸಿತು. ಈ ಬಾರಿ ತಂದೆಯವರು ಫೋನನ್ನು ಕೈಗೆತ್ತಿಕೊಂಡು, "ಸ್ವಾಮಿ, ನಮ್ಮ ಹುಡುಗಿ ಬಹಳ ಒಳ್ಳೆಯವಳು, ದಯಮಾಡಿ ಕೆಲಸ ಕೊಟ್ಟುಬಿಡಿ" ಎಂದರು. ಅಕ್ಕರೆಯ ಮಾತೇ ಸರಿ, ಆದರೆ ಆ ಕೆಲಸ ಕೈತಪ್ಪಿತು.

ಅನುಕೂಲವಿಲ್ಲದ ವೇಳೆಯಲ್ಲಿ ಕರೆ ಬಂದರೆ, "ನಮಸ್ಕಾರ, ಈಗ ಪ್ರಯಾಣದಲ್ಲಿದ್ದೇನೆ, ಒಂದು ಗಂಟೆಯ ನಂತರ ಮಾತನಾಡಬಹುದೇ?" ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಲಿಂಗಪೂಜೆಯ ಹೊತ್ತಿಗೆ ಕರೆ ಬಂದರೇನು ಗತಿ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ವೇಳೆ ಮೊದಲೇ ಗೊತ್ತಾಗಿದ್ದರೆ ಪೂಜೆಯನ್ನು ಬೇಗ ಮುಗಿಸಿಕೊಳ್ಳಬೇಕು. ಗೊತ್ತಿಲ್ಲದಿದ್ದರೆ ಪೂಜೆ ಮುಗಿದ ಕೂಡಲೇ ತಾವೇ ಕರೆ ಮಾಡಿ ಕ್ಷಮೆ ಕೋರಬೇಕು.

ಸಿಗ್ನಲ್ ಸರಿಯಾಗಿ ಸಿಗುವ ಜಾಗವನ್ನು ಹಿಂದಿನ ದಿನವೇ ಹುಡುಕಿಡಬೇಕು. ತೋಟದ ಮೂಲೆಯಾದರೂ ಚಿಂತೆಯಿಲ್ಲ, ಗಾಳಿಯ ಸದ್ದು ಮಾತ್ರ ಇರಬಾರದು. ಅರ್ಜಿಯ ಪ್ರತಿ, ಲೇಖನಿ, ಒಂದು ಲೋಟ ನೀರು ಎದುರಿಗಿರಲಿ. ಓದು, ಅನುಭವ, ಈ ಕೆಲಸವನ್ನೇ ಬಯಸಿದ ಕಾರಣ ಇವನ್ನು ಎರಡು ನಿಮಿಷದಲ್ಲಿ ಹೇಳುವಂತೆ ಮನೆಯವರ ಮುಂದೆ ಅಭ್ಯಾಸ ಮಾಡಬೇಕು. ಬರೆದದ್ದನ್ನು ಒಪ್ಪಿಸಿದರೆ ಆಚೆಯವರಿಗೆ ತಕ್ಷಣ ತಿಳಿಯುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಬಹುದು. ನಮ್ಮ ಮಕ್ಕಳು ಇಂಗ್ಲಿಷಿಗೆ ಅಂಜಿ ಗಡಿಬಿಡಿಯಲ್ಲಿ ಮಾತನಾಡುತ್ತಾರೆ. ನಿಧಾನವಾಗಿ ಆಡಿದ ಸರಳ ವಾಕ್ಯವೇ ಸ್ಪಷ್ಟವಾಗಿ ಕೇಳಿಸುತ್ತದೆ.

ಇನ್ನೊಂದು ಎಚ್ಚರಿಕೆ. ಕೆಲಸ ಖಚಿತವಾಗಿದೆ, ಠೇವಣಿ ಕಟ್ಟಿ ಎಂದೋ ಓಟಿಪಿ ಹೇಳಿ ಎಂದೋ ಯಾರಾದರೂ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ದೂರು ಕೊಡಬೇಕು. ಮರ್ಯಾದೆಗೆ ಅಂಜಿ ಮುಚ್ಚಿಡುವ ಮನೆಗಳನ್ನು ಕಂಡು ನಾವು ಮರುಗಿದ್ದೇವೆ.

ಆ ಹೆಣ್ಣುಮಗಳಿಗೆ ಕೆಲವು ತಿಂಗಳ ನಂತರ ಬೇರೊಂದು ಸಂಸ್ಥೆಯಿಂದ ಕರೆ ಬಂತು. ಅಂದು ಆಕೆ ಒಳಕೋಣೆಯ ಬಾಗಿಲು ಹಾಕಿಕೊಂಡು ಮಾತನಾಡಿದಳು. ತಂದೆಯವರು ಅಂಗಳದಲ್ಲಿ ಕಾಯಿ ಸುಲಿಯುವವರ ಕೈಗೆ ಎಲೆ ಅಡಿಕೆ ಕೊಟ್ಟು, ಅರ್ಧ ಗಂಟೆ ಕೆಲಸ ನಿಲ್ಲಿಸಿ, ತಾವೂ ಸದ್ದಿಲ್ಲದೆ ಜಗಲಿಯ ಮೇಲೆ ಕುಳಿತಿದ್ದರು.