ನಿಮಗಿದು ಗೊತ್ತೆ? ಲಂಡನ್ನಿನ ಕೆಂಪು ರೂಟ್‌ಮಾಸ್ಟರ್

ಲಂಡನ್ ನಗರದ ಗುರುತೇ ಆಗಿಹೋದ ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಹೆಸರು ರೂಟ್‌ಮಾಸ್ಟರ್. ಟ್ರಾಲಿಬಸ್‌ಗಳ ಜಾಗಕ್ಕೆಂದು ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ಇದನ್ನು ರೂಪಿಸಿತು. ಮೊದಲ ಮಾದರಿ ಪ್ರದರ್ಶನಗೊಂಡದ್ದು 1954ರಲ್ಲಿ. ಪ್ರಯಾಣಿಕರನ್ನು ಹೊತ್ತು ರಸ್ತೆಗಿಳಿದದ್ದು 1956ರಲ್ಲಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳ ತಯಾರಿಕೆಯಲ್ಲಿ ಕೈಜೋಡಿಸಿದ್ದ ಅನುಭವ ಈ ಸಂಸ್ಥೆಗಿತ್ತು. ಅದರ ಫಲವಾಗಿ ಬಸ್ಸಿನ ಒಡಲಿಗೂ ಹಗುರವಾದ ಅಲ್ಯೂಮಿನಿಯಂ ಬಂತು. ಒಡಲೇ ಭಾರ ಹೊರುವಂತಿದ್ದುದರಿಂದ ಪ್ರತ್ಯೇಕ ಚಾಸಿ ಬೇಕಾಗಲಿಲ್ಲ. ಪವರ್ ಸ್ಟಿಯರಿಂಗ್, ಆಟೊಮ್ಯಾಟಿಕ್ ಗೇರ್‌ಗಳು ಚಾಲಕರ ಶ್ರಮ ತಗ್ಗಿಸಿದವು. ಮೂಲ ಮಾದರಿಯಲ್ಲಿ 64 ಆಸನಗಳಿದ್ದವು. ಮುಂದೆ ಬಂದ ಉದ್ದನೆಯ ಮಾದರಿಯಲ್ಲಿ 72. ಹಿಂಬದಿಯಲ್ಲಿ ಬಾಗಿಲಿಲ್ಲದ ತೆರೆದ ಕಟ್ಟೆಯಿದ್ದು, ಟಿಕೆಟ್ ಕೊಡಲು ಕಂಡಕ್ಟರ್ ಇರುತ್ತಿದ್ದರು.

1968ರ ಹೊತ್ತಿಗೆ ಒಟ್ಟು 2,876 ಬಸ್‌ಗಳು ತಯಾರಾದವು. ಕಂಡಕ್ಟರ್‌ ಇಲ್ಲದ ಬಸ್‌ಗಳ ಖರ್ಚು ಕಡಿಮೆ. ಗಾಲಿಕುರ್ಚಿಯವರು ರೂಟ್‌ಮಾಸ್ಟರ್ ಹತ್ತುವಂತಿರಲಿಲ್ಲ. ಈ ಕಾರಣಗಳಿಂದ 2005ರ ಡಿಸೆಂಬರ್ 9ರಂದು 159ನೇ ಮಾರ್ಗದಲ್ಲಿ ಇದರ ನಿತ್ಯಸೇವೆ ಕೊನೆಗೊಂಡಿತು. ಇದೇ ಹೆಸರಿನ ಹೊಸ ಹೈಬ್ರಿಡ್ ಮಾದರಿ 2012ರಲ್ಲಿ ಸಂಚಾರ ಆರಂಭಿಸಿತು.