‘ಘಾಚರ್ ಘೋಚರ್’ ಕಥೆಯ ಅಮ್ಮನ ಪರವಾಗಿ ನಾಲ್ಕು ಮಾತು

  ಈ ವಾರ ವಿಡಿಯೋದಲ್ಲಿ ಆಡಿದ ಮಾತುಗಳನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆದು ಹಾಕಿದ್ದೀನಿ. ಕೇಳೋದಕ್ಕಿಂತ ಓದೋದು ಇಷ್ಟ ಅನ್ನೋರಿಗೆ ಇದು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂದ ಕಿರುಕಾದಂಬರಿ. ಅದರ ಲೇಖಕರೂ ಓದಿದ್ದು ಎಂಜಿನಿಯರಿಂಗೇ. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ ಬಂದ ಮೇಲೆ ನಮ್ಮ ಆಫೀಸಿನ ಕನ್ನಡ ಬಾರದ ಗೆಳೆಯರ ಮೇಜಿನ ಮೇಲೂ ಈ ಪುಸ್ತಕ ಕಾಣಿಸಿಕೊಂಡಿದೆ. ಕಥೆಯ ಕೊನೆವರೆಗೂ ಮಾತಾಡ್ತೀನಿ. ಇನ್ನೂ ಓದಿಲ್ಲ ಅನ್ನೋರು ಮೊದಲು ಪುಸ್ತಕ ಓದಿ, ಆಮೇಲೆ ಇಲ್ಲಿಗೆ ಬನ್ನಿ. ಒಂದು ಭಾನುವಾರ ಸಾಕು.

ಇದನ್ನು ಓದಿದವರ ಹತ್ತಿರ ‘ಇದರಲ್ಲಿ ಯಾರನ್ನ ಕಂಡ್ರೆ ಮೈ ಉರಿಯುತ್ತೆ?’ ಅಂತ ಕೇಳಿ ನೋಡಿ. ಹೆಚ್ಚಿನವರು ಹೇಳೋದು ಎರಡೇ ಹೆಸರು. ಒಂದು ಅಮ್ಮ, ಇನ್ನೊಂದು ಮಗಳು ಮಾಲತಿ. ಅದಕ್ಕೆ ಕಾರಣ ಆ ಬೀದಿಯ ಪ್ರಸಂಗ.

ಚಿಕ್ಕಪ್ಪನನ್ನ ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರ್ತಾಳೆ. ಕೈಯಲ್ಲಿ ಡಬ್ಬಿ, ಅದರಲ್ಲಿ ಅವನಿಗೋಸ್ಕರ ಮಾಡಿದ ಮಸೂರ್ ಬೇಳೆ ಸಾರು. ಅಮ್ಮ, ಮಾಲತಿ ಇಬ್ಬರೂ ಸೇರಿ ಬಾಯಿಗೆ ಬಂದ ಹಾಗೆ ಬೈದು ಅವಳನ್ನ ಓಡಿಸ್ತಾರೆ. ಡಬ್ಬಿ ಬಿದ್ದು ಸಾರು ಬೀದಿಯಲ್ಲಿ ಚೆಲ್ಲುತ್ತೆ. ಇದನ್ನ ನೋಡಿ ‘ನೀವು ಮಾಡಿದ್ದು ತಪ್ಪು’ ಅಂತ ಹೇಳೋಳು ಹೊಸದಾಗಿ ಮದುವೆಯಾಗಿ ಬಂದ ಸೊಸೆ ಅನಿತಾ ಒಬ್ಬಳೇ.

ಅನಿತಾ ಹೇಳಿದ್ದು ಸರಿ. ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಅಮ್ಮ ಹಾಗೆ ಯಾಕೆ ಮಾಡಿದಳು ಅನ್ನೋ ಪ್ರಶ್ನೆಗೆ ‘ಅವಳು ಕೆಟ್ಟವಳು, ಅದಕ್ಕೇ’ ಅಂದ್ರೆ ಅದು ಉತ್ತರ ಆಗೋದಿಲ್ಲ. ಬಗ್ ಯಾಕೆ ಬಂತು ಅಂತ ಕೇಳಿದ್ರೆ ‘ಕೋಡ್ ಸರಿಯಿಲ್ಲ’ ಅಂದ ಹಾಗಾಯ್ತು. ಆ ಹೆಂಗಸನ್ನ ಕಂಡಾಗ ಅಮ್ಮನಿಗೆ ಏನು ಕೈತಪ್ಪಿ ಹೋಗುತ್ತೆ ಅನ್ನಿಸಿತು? ಅಲ್ಲಿಂದ ಶುರು ಮಾಡೋಣ.

ಹಳೇ ಮನೆಯ ಲೆಕ್ಕ

ಈ ಕುಟುಂಬ ಮೊದಲು ಇದ್ದದ್ದು ರೈಲಿನ ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆಗಳಿದ್ದ ಪುಟ್ಟ ಮನೆಯಲ್ಲಿ. ಅಪ್ಪ ಸೇಲ್ಸ್‌ಮನ್. ಅವನ ಲೆಕ್ಕ ಒಂದು ದಿನ ಕೂಡಲಿಲ್ಲ ಅಂದ್ರೆ ಮನೆಮಂದಿಗೆಲ್ಲ ಆತಂಕ. ಬೆಂಗಳೂರಿನಲ್ಲಿ ಒಂದೇ ಸಂಬಳದ ಮೇಲೆ ನಿಂತ ಮನೆ ಅದು. ಏನನ್ನೇ ಕೊಂಡರೂ ಮೊದಲು ಎಲ್ಲರೂ ಯೋಚನೆ ಮಾಡಬೇಕು.

ಆ ಮನೆಯಲ್ಲಿ ಇರುವೆಗಳ ಕಾಟ. ಅಮ್ಮ ಅವುಗಳ ವಿರುದ್ಧ ಯುದ್ಧವನ್ನೇ ಸಾರಿರ್ತಾಳೆ. ಇದನ್ನ ನಾವು ಸಾಮಾನ್ಯವಾಗಿ ಮುಂದೆ ಬರೋ ಕ್ರೌರ್ಯದ ಸುಳಿವು ಅಂತ ಓದ್ತೀವಿ. ಹಾಗೆ ಓದೋದು ತಪ್ಪಲ್ಲ. ಆದರೆ ತಿಂಗಳ ಕೊನೆ ವಾರದಲ್ಲಿ ಯಾವ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಬಾಯಿಪಾಠ ಇರೋ ಹೆಂಗಸಿಗೆ ಇರುವೆ ಅನ್ನೋದು ರೂಪಕ ಅಲ್ಲ. ಅವಳಿಗೆ ಅದು ಕಡಿಮೆಯಾಗ್ತಾ ಇರೋ ಸಕ್ಕರೆ. ಮನೆಯೊಳಗೆ ಬರೋದನ್ನ ಬಾಗಿಲಲ್ಲೇ ತಡೀಬೇಕು ಅನ್ನೋ ಅಭ್ಯಾಸ ಅವಳಿಗೆ ಅಲ್ಲಿಂದ ಬಂದದ್ದು.

ಆಮೇಲೆ ಅಪ್ಪ ಅವಧಿಗೆ ಮುಂಚೆಯೇ ಕೆಲಸ ಬಿಡಬೇಕಾಗುತ್ತೆ. ಕೈಗೆ ಬಂದ ಹಣವನ್ನ ಚಿಕ್ಕಪ್ಪ ಶುರು ಮಾಡಿದ ‘ಸೋನಾ ಮಸಾಲಾ’ ವ್ಯಾಪಾರಕ್ಕೆ ಹಾಕ್ತಾರೆ. ವ್ಯಾಪಾರ ಕೈಹಿಡಿಯುತ್ತೆ. ದೊಡ್ಡ ಮನೆ, ಎಲ್ಲರಿಗೂ ಬೇರೆ ಬೇರೆ ಕೋಣೆ, ಒಂದಕ್ಕೊಂದು ಹೊಂದದ ಪೀಠೋಪಕರಣ. ಹಣ ಬಂತು ಅಂತ ಭಯ ಹೋಗಲಿಲ್ಲ, ಅದೂ ಜೊತೆಯಲ್ಲೇ ದೊಡ್ಡ ಮನೆಗೆ ಬಂತು.

ಯಾರ ಹೆಸರಲ್ಲಿ ಏನಿದೆ?

ಈಗ ನಾವು ಆರ್ಕಿಟೆಕ್ಚರ್ ಡಯಾಗ್ರಾಂ ಹಾಕೋ ಹಾಗೆ ಈ ಮನೆಯದ್ದೂ ಒಂದು ಹಾಕೋಣ. ದುಡಿಯೋನು ಚಿಕ್ಕಪ್ಪ. ವ್ಯಾಪಾರದಲ್ಲಿ ಅಪ್ಪನದ್ದೂ ಪಾಲಿದೆ. ಕಥೆ ಹೇಳೋ ಮಗ ಹೆಸರಿಗೆ ಡೈರೆಕ್ಟರ್. ಕೆಲಸ ಇಲ್ಲದಿದ್ರೂ ಸಂಬಳ ಬರುತ್ತೆ. ಮಾಲತಿ ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಎಲ್ಲಾ ಬಾಣದ ಗುರುತುಗಳೂ ಚಿಕ್ಕಪ್ಪನ ಕಡೆಗೇ ಹೋಗ್ತವೆ. ನಮ್ಮ ಭಾಷೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಬ್ಯಾಕಪ್ ಇಲ್ಲ.

ಇದರಲ್ಲಿ ಅಮ್ಮ ಎಲ್ಲಿದ್ದಾಳೆ? ಅವಳ ಹೆಸರಲ್ಲಿ ಏನಾದರೂ ಇದೆಯಾ ಅಂತ ಹುಡುಕಿದೆ. ನನಗೆ ಏನೂ ಕಾಣಿಸಲಿಲ್ಲ. ದುಡಿಯೋನಿಗೆ ಅವಳು ತಾಯಿಯೂ ಅಲ್ಲ, ಹೆಂಡತಿಯೂ ಅಲ್ಲ. ಅತ್ತಿಗೆ. ನಾಳೆ ಅವನು ಮದುವೆಯಾಗಿ ಬೇರೆ ಮನೆ ಮಾಡಿದ್ರೆ ‘ನನಗೇನು?’ ಅಂತ ಕೇಳೋ ಹಕ್ಕು ಅತ್ತಿಗೆಗೆ ಎಲ್ಲಿದೆ?

ಅವಳ ಕೈಯಲ್ಲಿ ಇರೋದು ಒಂದೇ, ಅಡುಗೆಮನೆ. ಚಿಕ್ಕಪ್ಪ ಯಾವ ಹೊತ್ತಿಗೆ ಬಂದರೂ ಬಿಸಿಬಿಸಿ ಊಟ, ಕೇಳಿದಾಗ ಕಾಫಿ, ಅವನ ರುಚಿಗೆ ತಕ್ಕ ತಿಂಡಿ. ನಮಗೆ ಇದು ಓಲೈಕೆ ಥರ ಕಾಣುತ್ತೆ. ಅವಳ ಮಟ್ಟಿಗೆ ಅದು ಪ್ರತಿದಿನ ಕಟ್ಟೋ ಇನ್ಶೂರೆನ್ಸ್ ಪ್ರೀಮಿಯಂ. ಈ ಮನೆಯಲ್ಲಿ ಅವಳಿಗಿರೋ ಷೇರು ಅಂದ್ರೆ ಆ ಊಟದ ತಟ್ಟೆ ಮಾತ್ರ.

ಈಗ ಬೀದಿಯ ಪ್ರಸಂಗಕ್ಕೆ ಬನ್ನಿ. ಆ ಹೆಂಗಸು ಯಾವುದೋ ಕಾಗದಪತ್ರ ಹಿಡಿದು ಬರಲಿಲ್ಲ. ಪೊಲೀಸರನ್ನೂ ಕರ್ಕೊಂಡು ಬರಲಿಲ್ಲ. ಬಂದದ್ದು ಸಾರು ತಗೊಂಡು! ಚಿಕ್ಕಪ್ಪನಿಗೆ ಏನು ಇಷ್ಟ ಅನ್ನೋದು ತನಗೂ ಗೊತ್ತು ಅಂತ ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಅಮ್ಮನ ಹತ್ತಿರ ಇದ್ದ ಒಂದೇ ಒಂದು ಬಲಕ್ಕೆ ನೇರ ಪೈಪೋಟಿ ಅದು. ಬೇರೆ ಯಾರಿಗೂ ಆ ಡಬ್ಬಿ ಕಂಡರೆ ಭಯ ಆಗೋ ಕಾರಣ ಇರಲಿಲ್ಲ. ಅಮ್ಮನಿಗೆ ಇತ್ತು.

ಈ ಕಥೆ ಹೇಳ್ತಾ ಇರೋದು ಯಾರು?

ಇನ್ನೊಂದು ವಿಷಯ. ಅಮ್ಮನ ಬಗ್ಗೆ ನಮಗೆ ಗೊತ್ತಿರೋದೆಲ್ಲ ಮಗ ಹೇಳಿದ್ದು. ಆ ಮಗ ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳ್ತಾನೆ. ಮನೆಯಲ್ಲಿ ಜಗಳ ಶುರುವಾದ್ರೆ ಅಲ್ಲಿಗೆ ಹೋಗ್ತಾನೆ. ಅಲ್ಲಿನ ವೇಟರ್ ವಿನ್ಸೆಂಟ್ ಆಡೋ ಒಂದೊಂದು ಮಾತಿಗೂ ಅರ್ಥ ಹುಡುಕ್ತಾನೆ. ಅಮ್ಮನನ್ನ ಮಾತ್ರ ‘ನಿನಗೆ ಯಾಕಮ್ಮ ಇಷ್ಟು ಭಯ?’ ಅಂತ ಒಮ್ಮೆಯೂ ಕೇಳೋದಿಲ್ಲ. ಒಂದೇ ಸರ್ವರಿನ ಲಾಗ್ ನೋಡಿ ಇಡೀ ಸಿಸ್ಟಂ ಬಗ್ಗೆ ತೀರ್ಮಾನ ಮಾಡಬಾರದು ಅಂತ ನಾವು ಜೂನಿಯರ್‌ಗಳಿಗೆ ಹೇಳ್ತೀವಲ್ಲ, ಇಲ್ಲೂ ಹಾಗೇ.

ಬೀದಿಯಲ್ಲಿ ಬೈಗುಳ ನಡೀತಿರುವಾಗ ಗಂಡಸರು ಏನು ಮಾಡ್ತಿದ್ರು? ಆ ಹೆಂಗಸು ಹುಡುಕಿಕೊಂಡು ಬಂದದ್ದು ಚಿಕ್ಕಪ್ಪನನ್ನ. ಅವನು ಹೊರಗೇ ಬರಲಿಲ್ಲ. ಮಗ ತಡೀಲಿಲ್ಲ. ಮನೆ ಉಳಿಸಿಕೊಳ್ಳೋ ಕೊಳಕು ಕೆಲಸವನ್ನ ಇಬ್ಬರು ಹೆಂಗಸರು ಮಾಡಿದ್ರು, ಅದರ ಲಾಭ ಗಂಡಸರಿಗೂ ಸಿಕ್ಕಿತು, ಓದುಗರ ಸಿಟ್ಟು ಮಾತ್ರ ಹೆಂಗಸರ ಪಾಲಿಗೆ. ಕೊನೆಯ ಪುಟದಲ್ಲಿ ರಕ್ತ ಯಾರ ಕೈ ಮೇಲಿದೆ ಅನ್ನೋದನ್ನ ಇನ್ನೊಂದ್ಸಲ ನೋಡಿ. ಅಮ್ಮನ ಕೈ ಮೇಲಲ್ಲ. ಶಾನಭಾಗರು ಅದನ್ನ ಸುಮ್ಮನೆ ಅಲ್ಲಿ ಇಟ್ಟಿಲ್ಲ ಅಂತ ನನ್ನ ಭಾವನೆ.

ಹಾಗಂತ ಅಮ್ಮನಿಗೆ ಕ್ಲೀನ್ ಚಿಟ್ಟಾ?

ಇಲ್ಲ. ಕಥೆಯ ಕೊನೆಗೆ ಹೈದರಾಬಾದಿನ ತೌರಿಗೆ ಹೋದ ಅನಿತಾಳಿಂದ ಫೋನೂ ಇಲ್ಲ. ಕೊಲೆಗಳನ್ನ ಅಪಘಾತದ ಥರ ಮುಚ್ಚಿಹಾಕೋದರ ಬಗ್ಗೆ ಮನೆಯವರು ಹಗುರವಾಗಿ ಆಡಿದ ಮಾತು ನಮ್ಮ ತಲೆಯಲ್ಲಿ ಸುತ್ತುತ್ತಾ ಇರುತ್ತೆ. ನಾವು ಅಂದುಕೊಂಡಿದ್ದೇ ನಡೆದಿದ್ರೆ ಹಳೇ ಮನೆಯ ಬಡತನ ಅದಕ್ಕೆ ಸಬೂಬು ಆಗೋದಿಲ್ಲ. ಬೀದಿಯಲ್ಲಿ ಅವಮಾನ ಆದ ಹೆಂಗಸಿಗೂ ಅಮ್ಮನ ಭಯ ಏನೂ ಸಮಾಧಾನ ಕೊಡೋದಿಲ್ಲ. ಅಮ್ಮನ ಮೇಲೆ ಕನಿಕರ ತೋರಿಸೋ ಭರದಲ್ಲಿ ಅನಿತಾಳನ್ನ ‘ಮನೆ ಮುರಿಯೋ ಸೊಸೆ’ ಅಂತ ಮಾಡಿದ್ರೆ ನಾವೂ ಆ ಮನೆಯವರೇ ಆಗಿಬಿಡ್ತೀವಿ.

ನಾನು ಹೇಳ್ತಿರೋದು ಇಷ್ಟೇ. ಅಮ್ಮನನ್ನ ರಾಕ್ಷಸಿ ಅಂದ್ಕೊಂಡ್ರೆ ಇದು ಬೇರೆ ಯಾರದ್ದೋ ಮನೆ ಕಥೆ ಅಂತ ನೆಮ್ಮದಿಯಾಗಿ ಪುಸ್ತಕ ಮುಚ್ಚಿಡಬಹುದು. ಹೆದರಿದ ಮನುಷ್ಯಳು ಅಂದ್ಕೊಂಡ್ರೆ ಅಷ್ಟು ಸುಲಭ ಆಗೋದಿಲ್ಲ.

ಯಾಕೆ ಅಂದ್ರೆ ನಮ್ಮಲ್ಲಿ ಎಷ್ಟೋ ಮನೆಗಳ ಡಯಾಗ್ರಾಂ ಇದೇ. ಊರಲ್ಲಿ ಅಪ್ಪ ರಿಟೈರ್ ಆಗಿದ್ದಾರೆ. ಹೋಮ್ ಲೋನ್ ಇದೆ, ತಂಗಿ ಮದುವೆ ಇದೆ. ಎಲ್ಲಾ ಬಾಣಗಳೂ ಹಿಂಜೇವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಕೂತ ಒಬ್ಬನ ಸಂಬಳದ ಕಡೆಗೆ. ಲೇಆಫ್ ಸುದ್ದಿ ಟಿವಿಯಲ್ಲಿ ಬಂದ ದಿನ ಊರಿಂದ ಫೋನ್ ಬರುತ್ತೆ. ‘ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ ತಾನೇ?’ ಆಮೇಲೆ ದನಿ ತಗ್ಗಿಸಿ, ‘ಅವಳು ತೌರಿಗೆ ಎಷ್ಟು ಕಳಿಸ್ತಾಳೋ?’ ಆ ಎರಡನೇ ಪ್ರಶ್ನೆ ಕೇಳಿದ್ರೆ ನಮಗೆ ರೇಗುತ್ತೆ, ಹೆಂಡತಿಗೆ ಇನ್ನೂ ರೇಗುತ್ತೆ. ನಾವು ಏನು ಮಾಡ್ತೀವಿ? ‘ಮೀಟಿಂಗ್ ಇದೆ’ ಅಂತ ಫೋನ್ ಇಡ್ತೀವಿ. ಅದೇ ನಮ್ಮ ಕಾಫಿ ಹೌಸು.

ನಿಜವಾಗಿ ನೋಡಿದ್ರೆ ಆ ಎರಡೂ ಒಂದೇ ಪ್ರಶ್ನೆ. ನಾಳೆ ನನಗೆ ಯಾರು ಗತಿ? ಅದಕ್ಕೆ ಉತ್ತರ ಹೇಳಬೇಕಾದವರು ನಾವು. ನಾವು ಸುಮ್ಮನಿದ್ದಷ್ಟೂ ಅತ್ತೆ ಸೊಸೆ ತಮ್ಮ ತಮ್ಮೊಳಗೇ ಉತ್ತರ ಹುಡುಕ್ತಾರೆ, ಅಂದ್ರೆ ಜಗಳ ಆಡ್ತಾರೆ. ಆಮೇಲೆ ‘ಹೆಂಗಸರ ಜಗಳ’ ಅಂತ ನಾವೇ ನಗ್ತೀವಿ.

ನಮ್ಮ ಮನೆಯಲ್ಲಿ ಮಾಡಿಕೊಂಡ ಒಂದು ವ್ಯವಸ್ಥೆ ಹೇಳ್ತೀನಿ. ಅಮ್ಮನ ಹೆಸರಲ್ಲೇ ಒಂದು ಖಾತೆ. ತಿಂಗಳಿಗೆ ಇಷ್ಟು ಅಂತ ಹೋಗುತ್ತೆ. ಯಾಕೆ ಖರ್ಚಾಯ್ತು ಅಂತ ಯಾರೂ ಕೇಳೋ ಹಾಗಿಲ್ಲ. ಎಷ್ಟು ಅನ್ನೋದು ಹೆಂಡತಿಗೂ ಗೊತ್ತು, ಅವಳು ತೌರಿಗೆ ಕಳಿಸೋದೂ ಅಮ್ಮನಿಗೆ ಗೊತ್ತು. ದೊಡ್ಡ ಮೊತ್ತ ಏನಲ್ಲ. ಫೋನಿನಲ್ಲಿ ದನಿ ತಗ್ಗಿಸಿ ಕೇಳೋ ಪ್ರಶ್ನೆಗಳು ಮಾತ್ರ ಕಡಿಮೆಯಾದವು. ಈಗ ಮಳೆ ಬಂತಾ, ಊಟ ಆಯ್ತಾ ಅಂತ ಮಾತಾಡ್ತೀವಿ.

ಪುಸ್ತಕ ನಿಮ್ಮ ಹತ್ತಿರ ಇದ್ರೆ ಆ ಬೀದಿಯ ಪ್ರಸಂಗ ಒಂದನ್ನೇ ಮತ್ತೆ ಓದಿ. ಈ ಸಲ ಅಮ್ಮ ನಿಂತ ಜಾಗದಲ್ಲಿ ನಿಂತು ಆ ಡಬ್ಬಿಯ ಕಡೆ ನೋಡಿ. ಓದಿ ಆದ್ಮೇಲೂ ಸಿಟ್ಟು ಬರಬಹುದು, ಬರಲಿ. ಆದರೆ ಅದು ಅಮ್ಮನೊಬ್ಬಳ ಮೇಲೇ ನಿಲ್ಲುತ್ತಾ, ಅಥವಾ ಮನೆಯೊಳಗೆ ಕೂತೇ ಇದ್ದವರ ತನಕ ಹೋಗುತ್ತಾ ಅಂತ ನೋಡಿಕೊಳ್ಳಿ.

ಮುಂದಿನ ವಾರ ಸಿಗೋಣ.