ನಿದ್ರೆಯಲ್ಲಿ ಬರುವ ತಲೆನೋವು: ಕಾರಣವನ್ನು ಗುರುತಿಸುವ ಬಗೆ

ನಿದ್ರೆಯಿಂದ ಎಬ್ಬಿಸುವ ತಲೆನೋವಿಗೆ ಕಾರಣ ಒಂದೇ ಅಲ್ಲ. ನೋವಿನ ವೇಳೆ, ಸ್ಥಾನ ಹಾಗೂ ಜೊತೆಗಿರುವ ಲಕ್ಷಣಗಳೇ ರೋಗನಿರ್ಣಯಕ್ಕೆ ಆಧಾರ.

ಒಂದು ಕಣ್ಣಿನ ಸುತ್ತ ತೀವ್ರ ನೋವು, ಅದೇ ಕಣ್ಣಿನಲ್ಲಿ ನೀರು ಹಾಗೂ ಚಡಪಡಿಕೆ 15 ನಿಮಿಷದಿಂದ 3 ಗಂಟೆಯವರೆಗೆ ಇದ್ದರೆ ಅದು ಕ್ಲಸ್ಟರ್ ತಲೆನೋವಾಗಿರಬಹುದು. ಜೋರಾದ ಗೊರಕೆ, ಹಗಲಿನ ತೂಕಡಿಕೆಯೊಡನೆ ಬೆಳಿಗ್ಗೆ ತಲೆನೋವಿದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದು ಪರೀಕ್ಷಿಸಬೇಕು. 1988ರಲ್ಲಿ ಮೊದಲಿಗೆ ವರ್ಣಿತವಾದ ಹಿಪ್ನಿಕ್ ತಲೆನೋವು ನಿದ್ರೆಯಲ್ಲಿ ಮಾತ್ರ, ಸಾಮಾನ್ಯವಾಗಿ 50 ವರ್ಷ ದಾಟಿದವರಲ್ಲಿ ಕಾಣುತ್ತದೆ. ಇತರ ಕಾರಣಗಳಿಲ್ಲವೆಂದು ಖಚಿತವಾದ ಮೇಲೆಯೇ ಇದನ್ನು ನಿರ್ಧರಿಸಲಾಗುತ್ತದೆ.

ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಉರಿಸಿ ಮಲಗಿದವರಿಗೆಲ್ಲ ತಲೆನೋವು, ವಾಕರಿಕೆ ಕಂಡುಬಂದರೆ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವನ್ನು ಶಂಕಿಸಬೇಕು. ಕೂಡಲೇ ಎಲ್ಲರೂ ಹೊರಬಂದು ಆಸ್ಪತ್ರೆಗೆ ಹೋಗುವುದು ಅವಶ್ಯ.

ದಿನೇ ದಿನೇ ಹೆಚ್ಚುವ ನೋವು, ವಾಂತಿ, ಮಂಜಾಗುವ ದೃಷ್ಟಿ, ಕೈಕಾಲುಗಳ ನಿಶ್ಶಕ್ತಿ ಇವು ಅಪಾಯದ ಸೂಚನೆಗಳು. ಮಿದುಳಿನ ಸ್ಕ್ಯಾನ್ ಅಗತ್ಯವಾದೀತು. 50 ದಾಟಿದ ಮೇಲೆ ಹೊಸದಾಗಿ ಆರಂಭವಾದ ತಲೆನೋವನ್ನೂ ಕಡೆಗಣಿಸಬಾರದು.

ನೋವು ಬಂದ ಗಂಟೆ, ಇದ್ದ ಅವಧಿ, ಸೇವಿಸಿದ ಔಷಧಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ನೋವಿನ ಮಾತ್ರೆಗಳ ಅತಿಬಳಕೆಯೇ ತಲೆನೋವಿಗೆ ಕಾರಣವಾಗಬಲ್ಲದು.